ಕೆಂಪು ಕಲ್ಲಿಗೆ ಬಿಳಿ ಹೊದಿಸಿದ ದಿಲ್ಲಿ ಅವ್ವ

ಸೈಟಿನಲ್ಲಿ ಎಲ್ಲರೂ ಅವಳನ್ನು ದಿಲ್ಲಿ ಅವ್ವ ಎಂದೇ ಕರೆಯುತ್ತಿದ್ದರು. ಅವಳ ಊರು ದಿಲ್ಲಿಯಲ್ಲ, ಯಾದಗಿರಿ ಕಡೆಯ ಒಂದು ಸಣ್ಣ ಹಳ್ಳಿ. ಆದರೆ ಯಾವ ಮಾತಿಗೆ ಕೂತರೂ ಐದು ನಿಮಿಷದೊಳಗೆ "ದಿಲ್ಲ್ಯಾಗ ಹಿಂಗಿರಲಿಲ್ಲವಾ" ಎಂದು ಶುರು ಮಾಡಿಬಿಡುತ್ತಿದ್ದಳು. ಚಹಾ ತೆಳ್ಳಗಾದರೆ ದಿಲ್ಲಿ, ಚಳಿ ಬಿದ್ದರೆ ದಿಲ್ಲಿ, ಇಟ್ಟಿಗೆ ಸೊಟ್ಟ ಕೂತರೆ ದಿಲ್ಲಿ. ಜೊತೆಯ ಹೆಣ್ಣಾಳುಗಳು ಕೇಳಿ ಕೇಳಿ ಬೇಸತ್ತು ಇಟ್ಟ ಹೆಸರು ಅದು. ಅವಳೇನೋ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದಳು.

ನಾನು ಅವಳನ್ನು ಕಂಡದ್ದು ಗಚ್ಚಿಬೌಲಿಯಲ್ಲಿ, ನನ್ನ ಮೊದಲ ನೌಕರಿಯ ಮೊದಲ ವಾರ. ಸಾಫ್ಟ್‌ವೇರ್ ಕಂಪನಿಗಳು ಒಂದರ ಬೆನ್ನಿಗೊಂದು ಹೈದರಾಬಾದಿಗೆ ಬರುತ್ತಿದ್ದ ವರ್ಷಗಳು. ಬಂಡೆ ಸಿಡಿಸಿದ ಸದ್ದಿಗೆ ಬೆಳಗಾಗುತ್ತಿತ್ತು. ಗಾಜಿನ ಕಟ್ಟಡಗಳು ಎದ್ದವು. ಅವುಗಳೊಳಗೆ ಕೂರುವವರಿಗೆ ಮನೆ ಬೇಕಾಗಿ ಅಪಾರ್ಟ್‌ಮೆಂಟುಗಳು ಎದ್ದವು. ನನ್ನ ಜೊತೆಗೆ ಓದಿದವರೆಲ್ಲ ಕಂಪ್ಯೂಟರ್ ಕಲಿತು ಆ ಗಾಜಿನೊಳಗೆ ಹೋದರು. ತಾರ್ನಾಕದ ನಮ್ಮ ಮನೆಯಲ್ಲಿ, ಜೀವಮಾನವಿಡೀ ಸರ್ಕಾರಿ ಕಚೇರಿಯಲ್ಲಿ ದುಡಿದ ಅಪ್ಪ ನನ್ನ ನೇಮಕದ ಪತ್ರವನ್ನು ಎರಡು ಸಲ ಓದಿ, "ಎಲ್ಲಾರೂ ಎ.ಸಿ.ಯೊಳಗ ಹೊಂಟಾರ, ನೀ ಸಿಮೆಂಟಿನೊಳಗ ಹೊಂಟಿ" ಎಂದಿದ್ದರು. ನಾನು ಕಲಿತದ್ದು ಸಿವಿಲ್ ಇಂಜಿನಿಯರಿಂಗ್. ಸೈಟಿನಲ್ಲಿ ನಾನೊಬ್ಬಳೇ ಹುಡುಗಿ ಇಂಜಿನಿಯರು.

ಆ ದಿನಗಳಲ್ಲಿ ಪ್ರತಿ ಅಪಾರ್ಟ್‌ಮೆಂಟಿಗೂ ಏನಾದರೊಂದು ಥಳಕು ಬೇಕಿತ್ತು. ಒಬ್ಬರು ಇಟಲಿ ಎಂದರೆ ಇನ್ನೊಬ್ಬರು ಸಿಂಗಪುರ ಎನ್ನುತ್ತಿದ್ದರು. ನಮ್ಮ ಮಾಲೀಕರು ಆಯ್ದುಕೊಂಡದ್ದು ಮೊಗಲರ ಅರಮನೆ. ನಾಲ್ಕು ಎತ್ತರದ ಕಟ್ಟಡಗಳ ನಡುವೆ ಒಂದು ಕ್ಲಬ್‌ಹೌಸು. ಅದರ ಮುಖ ದಿಲ್ಲಿಯ ಕೆಂಪು ಕೋಟೆಯೊಳಗಿನ ದಿವಾನ್-ಎ-ಆಮ್‌ನ ಹಾಗೆ. ಬಾದಶಹಾ ಕೂತು ಜನರ ದೂರು ಕೇಳುತ್ತಿದ್ದ ದೊಡ್ಡ ಮಂಟಪ ಅದು, ಮುಂದೆ ಒಂಬತ್ತು ಕಮಾನು. ನಮ್ಮದಕ್ಕೂ ಒಂಬತ್ತು ಕಮಾನು. ಒಳಗೆ ಬಾದಶಹಾನ ಬದಲು ಜಿಮ್ಮು ಮತ್ತು ಟೇಬಲ್ ಟೆನ್ನಿಸ್. ಕಂಬಗಳನ್ನು ಕಾಂಕ್ರೀಟಿನಲ್ಲಿ ಎಬ್ಬಿಸಿ ಮೇಲೆ ಕೆಂಪು ಕಲ್ಲಿನ ತೆಳು ಹಾಳೆ ಅಂಟಿಸುವುದೆಂದು ನಕ್ಷೆ ಹೇಳುತ್ತಿತ್ತು. ಫ್ಲಾಟು ಕೊಳ್ಳುವವರಿಗೆ ಹಂಚುವ ಕೈಪಿಡಿಯ ರಕ್ಷಾಪುಟದ ಮೇಲೂ ಕೆಂಪು ಕಂಬಗಳ ಬಣ್ಣದ ಚಿತ್ರ ಅಚ್ಚಾಗಿತ್ತು.

ಆ ಚಿತ್ರವನ್ನು ಹಿಡಿದುಕೊಂಡು ಕಂಬಗಳ ಲೆಕ್ಕ ನೋಡುತ್ತಿದ್ದೆ. ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಐವತ್ತು ದಾಟಿದ ಹೆಂಗಸೊಬ್ಬಳು ನನ್ನ ಹಿಂದೆ ನಿಂತಳು. ಬುಟ್ಟಿ ಇಳಿಸಲಿಲ್ಲ. ಕುತ್ತಿಗೆ ಅಲುಗಿಸದೆ ಕಣ್ಣು ಮಾತ್ರ ಇಳಿಸಿ ಚಿತ್ರ ನೋಡಿ ಹೇಳಿದಳು: "ಇದು ಕೆಂಪ ಇರಲಿಲ್ಲ ಬಾಯಾರ."

ಕನ್ನಡ ಕೇಳಿ ನನಗೆ ಒಮ್ಮೆಲೇ ಖುಷಿಯಾಯಿತು. ಅಲ್ಲಿ ಇಡೀ ದಿನ ತೆಲುಗು, ಹಿಂದಿ. "ಕೆಂಪು ಕೋಟಿ ಕೆಂಪ ಇರದ ಮತ್ತೇನ ಇರ್ತೈತವಾ?" ಎಂದು ನಕ್ಕೆ.

"ಕೋಟಿ ಗ್ವಾಡಿ ಕೆಂಪ. ಒಳಗಿನ ಅರಮನಿ ಬಿಳಿ. ಈ ಕಂಬ ಕೆಂಪ ಕಲ್ಲಿನವು ಖರೆ, ಆದ್ರ ಮ್ಯಾಲ ಬಿಳಿ ಗಚ್ಚು ಬಡದಿದ್ರು. ಹಾಲುಗಲ್ಲಿನಂಗ ತಿಕ್ಕಿದ್ರು. ಅದರ ಮ್ಯಾಲ ಬಂಗಾರದ ಗೀಟು. ಆ ಗಚ್ಚೆಲ್ಲ ಉದುರಿ ಈಗ ಕಲ್ಲು ಕಾಣಸ್ತೈತಿ. ನೀವು ಎಲುಬು ನೋಡಿ ಮನಷ್ಯಾನ ಬಣ್ಣ ಹೇಳಾಕತ್ತೀರಿ."

ಇಷ್ಟು ಹೇಳಿ ಬುಟ್ಟಿಯ ಸಮೇತ ನಡೆದುಬಿಟ್ಟಳು.

ಆ ದಿನ ಸಂಜೆ ಕೋಠಿಯಲ್ಲಿ ಬಸ್ಸಿಳಿದು ಹಳೇ ಪುಸ್ತಕದ ಅಂಗಡಿಗಳನ್ನು ಹುಡುಕಿದೆ. ಮೊಗಲ್ ಕಟ್ಟಡಗಳ ಬಗ್ಗೆ ಒಂದು ಹರಿದ ಪುಸ್ತಕ ಸಿಕ್ಕಿತು. ಮನೆಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ. ಅವಳು ಹೇಳಿದ್ದು ಅಕ್ಷರ ಅಕ್ಷರ ನಿಜವಾಗಿತ್ತು. ಶಂಖ, ಚಿಪ್ಪು ಸುಟ್ಟ ಸುಣ್ಣವನ್ನು ಕೆಂಪು ಕಲ್ಲಿನ ಮೇಲೆ ಬಳಿದು, ಅಮೃತಶಿಲೆಯ ಹಾಗೆ ಹೊಳೆಯುವ ತನಕ ತಿಕ್ಕುತ್ತಿದ್ದರಂತೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಗೊತ್ತಿಲ್ಲದ್ದು ಮರಳು ಹೊರುವ ಹೆಂಗಸಿಗೆ ಹೇಗೆ ಗೊತ್ತು?

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಹೋದೆ. ತಗಡಿನ ಶೆಡ್ಡಿನ ನೆರಳಲ್ಲಿ ರೊಟ್ಟಿ, ಪುಂಡಿಪಲ್ಯೆ ಬಿಚ್ಚಿಕೊಂಡು ಕೂತಿದ್ದಳು. ನನಗೂ ಅರ್ಧ ರೊಟ್ಟಿ ಮುರಿದು ಕೊಟ್ಟಳು. ಕೊಟ್ಟ ಕೈಯನ್ನು ಆಗ ಗಮನಿಸಿದೆ. ಹೊರೆ ಹೊರುವವರ ಕೈ ಒರಟಾಗಿರುತ್ತದೆ. ಇವಳ ಬೆರಳ ತುದಿಗಳು ಮಾತ್ರ ನಯವಾಗಿ, ಸವೆದ ನಾಣ್ಯದ ಹಾಗೆ ಗೆರೆಯೇ ಇಲ್ಲದಂತಿದ್ದವು.

ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಒಂದು ಗುಂಪಿನಲ್ಲಿ ದಿಲ್ಲಿಗೆ ಹೋದವಳು ಅವಳು. ಅಲ್ಲಿ ಕೋಟೆಯೊಳಗೆ ಹಳೇ ಗೋಡೆಗಳ ರಿಪೇರಿ ನಡೆದಿತ್ತು. ಗಂಡ ಗಾರೆ ಕೆಲಸದವನು, ಇವಳು ಸುಣ್ಣ ಅರೆಯುವವಳು. ಕೆಲಸದ ಯಜಮಾನ ಒಬ್ಬ ಮುದುಕ. ತಲೆತಲಾಂತರದಿಂದ ಗಚ್ಚಿನ ಕೆಲಸ ಮಾಡಿಕೊಂಡು ಬಂದ ಮನೆತನದವನು. ಅವನನ್ನು ಇವಳು ಉಸ್ತಾದ ಎಂದೇ ಹೇಳುತ್ತಿದ್ದಳು. ಒಂದು ದಿನ ಗಂಡನಿಗೆ ಜ್ವರ ಬಂದು, ಹಚ್ಚಿದ ಕೊನೆಯ ಪದರ ಒಣಗುತ್ತಿತ್ತಂತೆ. ಯಾರೂ ಹೇಳದೆ ಇವಳೇ ತಿಕ್ಕುವ ಕಲ್ಲು ತೆಗೆದುಕೊಂಡು ಗೋಡೆಯ ಮುಂದೆ ಕೂತಳು. ಉಸ್ತಾದ ಬಂದು ನೋಡಿ, ಬೈಯಲಿಲ್ಲ. ಗೋಡೆಗೆ ಕಿವಿ ಹಚ್ಚಿ ಬೆರಳಿನ ಗೆಣ್ಣಿನಿಂದ ಬಡಿದು ಕೇಳಿದ. ಆಮೇಲೆ ತನ್ನ ಜೇಬಿನಿಂದ ಗಚ್ಚು ತಿಕ್ಕಿ ಹೊಳಪು ತರುವ ಒಂದು ಅಕೀಕ ಕಲ್ಲು, ನೆಲ್ಲಿಕಾಯಿಯಷ್ಟು ನುಣುಪಾದದ್ದು, ತೆಗೆದು ಅವಳ ಕೈಗೆ ಹಾಕಿದ.

"ಏನಂದಾ ಉಸ್ತಾದ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಉಸ್ತಾದ ಮಾತಾಡೂದು ಕಮ್ಮಿ. ಕಲ್ಲು ಕೊಟ್ಟಾ ಅಂದ್ರ ಮುಗೀತು."

ಆರು ವರ್ಷ ಹಾಗೆ ನಡೆಯಿತು. ಆಮೇಲೆ ಗಂಡ ತೀರಿಕೊಂಡ. ಎರಡು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದಳು, ಊರಿನಿಂದ ಹೈದರಾಬಾದಿಗೆ. ಇಲ್ಲಿ ಎಲ್ಲೆಲ್ಲೂ ಸಿಮೆಂಟು. ಸುಣ್ಣದ ಕೆಲಸ ಕೇಳುವವರೇ ಇರಲಿಲ್ಲ. ಕೇಳಿದರೂ ಹೆಂಗಸಿಗೆ ಕರಣೆ ಯಾರು ಕೊಡುತ್ತಾರೆ? ತಲೆಯ ಮೇಲೆ ಬುಟ್ಟಿ ಬಂತು. ಆ ಬುಟ್ಟಿ ಹೊತ್ತು ಇಪ್ಪತ್ತು ವರ್ಷದ ಮೇಲಾಗಿತ್ತು.

ಅಂದಿನಿಂದ ನನ್ನ ಮಧ್ಯಾಹ್ನದ ಊಟ ಆ ತಗಡಿನ ನೆರಳಿನಲ್ಲೇ ಆಯಿತು. ಜರಡಿ ಹಿಡಿದ ಮರಳನ್ನು ಅಂಗೈಯಿಂದ ಸಮ ಮಾಡಿ, ಅದರ ಮೇಲೆ ಕಡ್ಡಿಯಿಂದ ಅವಳು ಅರಮನೆ ಬರೆಯುತ್ತಿದ್ದಳು. ಮೊದಲು ಒಂದು ಉದ್ದ ಗೆರೆ, ಅದು ಯಮುನಾ ನದಿ. ನದಿಯ ದಂಡೆಗೆ ಸಾಲಾಗಿ ಮಹಲುಗಳು. ಅವುಗಳ ನಟ್ಟನಡುವೆ ಇನ್ನೊಂದು ಗೆರೆ. "ಇದು ನಹರ, ನೀರಿನ ಕಾಲುವಿ. ಮೂಲಿ ಬುರುಜಿನ್ಯಾಗ ನೀರು ಇಳೀತಿತ್ತು. ಅಲ್ಲಿಂದ ಜಳಕದ ಹಮಾಮಖಾನಿಗೆ, ಅಲ್ಲಿಂದ ಬಾದಶಹಾ ತನ್ನ ಮಂದಿ ಕೂಡ ಕುಂದ್ರೂ ದಿವಾನ್-ಎ-ಖಾಸಿಗೆ, ಅಲ್ಲಿಂದ ಮಲಗೂ ಖೋಲಿಗೆ, ಮುಂದ ಹೆಣ್ಣಮಕ್ಕಳ ರಂಗಮಹಲಿಗೆ. ರಂಗಮಹಲಿನ್ಯಾಗ ಕಮಲದ ಹೂವಿನಂಗ ಕೆತ್ತಿದ ಒಂದು ಹೊಂಡ. ಒಂದ ನೀರು, ಎಲ್ಲಾರ ಮನಿಯಾಗೂ ಹಾದು ಹೋಕ್ಕಿತ್ತು."

"ಬಾಗಿಲಾ ಎಲ್ಲೈತವಾ?" ಒಂದು ಸಲ ಕೇಳಿದೆ. ಮರಳಿನ ಚಿತ್ರದಲ್ಲಿ ಮಹಲುಗಳಿಗೆ ಎಲ್ಲಾ ಕಡೆ ಬರೀ ಕಂಬ.

ಅವಳು ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಅದನ್ನ ನಾನೂ ಉಸ್ತಾದಗ ಕೇಳಿದ್ದಿನ್ರೀ. ಅಷ್ಟ ದೊಡ್ಡ ರಾಜಾ, ಮನಿಗೆ ಬಾಗಲಾನ ಇಲ್ಲ! ಬರೇ ಪರದೆ. ಗಾಳಿ ಬೇಕಂದ್ರ ಎತ್ತೂದು, ಬ್ಯಾಡಂದ್ರ ಬಿಡೂದು. ಅರಮನಿ ಅಂದ್ರ ಗ್ವಾಡಿ ಅಲ್ಲ ಯವ್ವಾ. ಗಾಳಿ ಹ್ಯಾಂಗ ಬರ್ತೈತಿ, ನೀರು ಹ್ಯಾಂಗ ಹೋಗ್ತೈತಿ, ಅದು ಅರಮನಿ."

"ಬಾಯಾರ" ಯಾವಾಗ "ಯವ್ವಾ" ಆಯಿತು ಎಂಬುದು ನನಗೆ ತಿಳಿಯಲಿಲ್ಲ.

ಕೆಂಪು ಕಲ್ಲಿನ ಹಾಳೆಗಳು ಬಂದವು, ಅವಸರದಲ್ಲಿ ಅಂಟಿಸಿದರು. ಫ್ಲಾಟು ಕೊಂಡವರನ್ನು ಯುಗಾದಿ ಕಳೆದ ಮೇಲೆ ಕರೆದು ಕ್ಲಬ್‌ಹೌಸು ತೋರಿಸುವುದಾಗಿ ಮಾಲೀಕರು ಮಾತು ಕೊಟ್ಟಿದ್ದರು. ಒಂದು ಮಧ್ಯಾಹ್ನ ಮೂರನೆಯ ಕಂಬದ ಮೇಲಿನಿಂದ ಒಂದು ಹಾಳೆ ಕಳಚಿ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಬಡಿದು ನೋಡಿದರೆ ಮುಕ್ಕಾಲು ಪಾಲು ಹಾಳೆಗಳ ಹಿಂದೆ ಪೊಳ್ಳು ಸದ್ದು. ಎಲ್ಲವನ್ನೂ ಕಿತ್ತು ಹಾಕಬೇಕಾಯಿತು. ಹೊಸ ಕಲ್ಲು ತರಿಸಲು ಸಮಯವಿಲ್ಲ. ಕಾಂಕ್ರೀಟಿಗೆ ಕೆಂಪು ಬಣ್ಣ ಬಳಿಯುವುದೇ ದಾರಿ ಎಂದು ಪ್ರಾಜೆಕ್ಟ್ ಮ್ಯಾನೇಜರು ತೀರ್ಮಾನ ಮಾಡಿದರು.

ಸೈಟಿನ ಮೀಟಿಂಗುಗಳಲ್ಲಿ ನಾನು ಅಲ್ಲಿಯವರೆಗೆ ಬಾಯಿ ತೆರೆದವಳೇ ಅಲ್ಲ. ಅವತ್ತು ಕೋಠಿಯ ಹರಿದ ಪುಸ್ತಕವನ್ನು ಮೇಜಿನ ಮೇಲಿಟ್ಟು, ನಿಜವಾದ ಮಂಟಪ ಬಿಳಿಯದಾಗಿತ್ತು, ಸುಣ್ಣದ ಗಚ್ಚಿನಲ್ಲಿ ಮಾಡಬಹುದು, ಮಾಡುವವರು ನಮ್ಮ ಸೈಟಿನಲ್ಲೇ ಇದ್ದಾರೆ ಎಂದುಬಿಟ್ಟೆ. ಯಾರು ಎಂದು ಕೇಳಿದರು. ಮರಳು ಹೊರುವ ಹೆಂಗಸು ಎಂದಾಗ ನಗು ಹಬ್ಬಿತು. "ಏಮ್ಮಾ, ಮನಂ ಫ್ಲಾಟ್ಲು ಕಡ್ತುನ್ನಾಮಾ, ಮ್ಯೂಜಿಯಮಾ?" ಎಂದರು ಮ್ಯಾನೇಜರು. ನಾವು ಕಟ್ಟುತ್ತಿರುವುದು ಫ್ಲಾಟೋ ಮ್ಯೂಜಿಯಮ್ಮೋ ಎಂದು. ಆದರೂ ಕೆಟ್ಟವರಲ್ಲ ಅವರು. ಕೊನೆಗೆ, ಹಿಂಭಾಗದ ಒಂದು ಕಂಬ ಮಾಡಿ ತೋರಿಸು, ಆಗದಿದ್ದರೆ ಬಣ್ಣ, ಆಮೇಲೆ ಈ ಮಾತು ಎತ್ತಬಾರದು ಎಂದರು.

ಓಡಿ ಬಂದು ಅವ್ವನಿಗೆ ಹೇಳಿದೆ. ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿದಳು. "ಸುಣ್ಣ ಅರಳಿಸಿ ನೀರಾಗ ಇಡಾಕ ತಿಂಗಳಗಟ್ಟಲೆ ಬೇಕು. ಹಸಿ ಸುಣ್ಣ ಹಚ್ಚಿದ್ರ ಸಿಡೀತೈತಿ."

ನನ್ನ ಮುಖ ಬಾಡಿದ್ದನ್ನು ನೋಡಿ ಎದ್ದು ನಿಂತಳು. ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ, ಗೋಣಿಚೀಲ ಸರಿಸಿ ತೋರಿಸಿದಳು. ನೆಲದಲ್ಲಿ ಹೂತ ಎರಡು ಹಳೇ ಡ್ರಮ್ಮುಗಳು. ಮೇಲೆ ಒಂದು ಗೇಣು ತಿಳಿನೀರು, ಕೆಳಗೆ ಬೆಣ್ಣೆಯಂಥ ಸುಣ್ಣ. ಕೂಲಿಕಾರರ ಶೆಡ್ಡುಗಳಿಗೆ ಬಳಿಯಲು ತಂದು ಬಿಟ್ಟ ಸುಣ್ಣದ ಹರಳನ್ನು ಆಯ್ದುಕೊಂಡು, ಹೋದ ದಸರೆಯಿಂದ ಹೀಗೆ ನೀರಿನಲ್ಲಿ ಸಾಕುತ್ತಿದ್ದಳು.

"ಯಾರಿಗಂತ ಇಟ್ಟಿದ್ದೆವಾ?"

"ಯಾರಿಗೂ ಇಲ್ಲ. ಕೈ ಸುಮ್ಮನ ಕುಂದ್ರಂಗಿಲ್ಲ ಯವ್ವಾ." ಬೆರಳ ತುದಿಗೆ ಒಂದಿಷ್ಟು ತೆಗೆದುಕೊಂಡು ಹೆಬ್ಬೆರಳಿನಿಂದ ತೀಡಿ, ಮೂಸಿ, "ಆಗೈತಿ" ಎಂದಳು.

ಕಂಬದ ಕೆಲಸವನ್ನು ಮ್ಯಾನೇಜರು ಒಬ್ಬ ಮೇಸ್ತ್ರಿಯ ಕೈಗೆ ಕೊಟ್ಟರು. ಅವ್ವ ಬರೀ ಹೇಳುವವಳು, ಮಾಡುವವನು ಅವನು. ಕಾಂಕ್ರೀಟಿನ ಮೈಗೆ ಉಳಿಯಿಂದ ಗುಳಿ ಹೊಡೆಸಿ, ಇಟ್ಟಿಗೆಪುಡಿ ಬೆರೆಸಿದ ಸುಣ್ಣದ ಮೊದಲ ಪದರ ಬಡಿಸಿದಳು. ಎರಡು ದಿನ ಒದ್ದೆ ಗೋಣಿ ಸುತ್ತಿಡಬೇಕು, ಬಿಸಿಲು ತಾಕಬಾರದು ಎಂದು ಹೇಳಿದಳು. ಶನಿವಾರ ಸಂಜೆ ಮೇಸ್ತ್ರಿ ಹೂಂ ಎಂದು ಹೋದ. ಸೋಮವಾರ ಬಂದು ನೋಡಿದರೆ ಗೋಣಿ ಕೆಳಗೆ ಬಿದ್ದಿತ್ತು. ಭಾನುವಾರದ ಬಿಸಿಗಾಳಿಗೆ ಕಂಬ ಮೇಲಿಂದ ಕೆಳಗೆ, ಬೇಸಿಗೆಯ ಕೆರೆಯ ತಳದ ಹಾಗೆ, ಬಿರಿದು ನಿಂತಿತ್ತು.

ನನಗೆ ಅಳುವೇ ಬಂತು. ಮೇಸ್ತ್ರಿಗೆ ಬೈಯಲು ಹೊರಟೆ. ಅವ್ವ ನನ್ನ ಮುಂಗೈ ಹಿಡಿದು ನಿಲ್ಲಿಸಿದಳು.

"ಅವನ್ದಲ್ಲ ತಪ್ಪು. ನಂದ. ನಾ ಹೇಳಿ ಬಿಟ್ಟೆ, ನಿಂತು ಮಾಡಸಲಿಲ್ಲ. ಅವಗ ಸುಣ್ಣದ ಗುಣಾ ಗೊತ್ತಿಲ್ಲ. ಸಿಮೆಂಟ ಹಚ್ಚಿ ಹೋದ್ರ ತಾನ ಗಟ್ಟಿ ಆಗ್ತೈತಿ. ಸುಣ್ಣ ಹೊಸ ಸೊಸಿ ಇದ್ದಂಗ, ಹೊಂದಿಕೊಳ್ಳೂತನಕ ಜೋಡಿ ಇರಬೇಕು." ಆಮೇಲೆ, ಅಲ್ಲಿಯವರೆಗೆ ನಾನು ಕೇಳಿರದ ದನಿಯಲ್ಲಿ ಹೇಳಿದಳು: "ಇನ್ನೊಂದ ಸಲ ಕೇಳಿ ಬಾ ಯವ್ವಾ. ಆದ್ರ ಈ ಕಂಬಕ್ಕ ನನ್ನ ಮ್ಯಾಲ ಯಾರೂ ಬ್ಯಾಡ. ನಾನ ಮೇಸ್ತ್ರಿ. ಆಳುಗಳನ್ನ ನಾನ ಆರಸ್ತೀನಿ."

ಮ್ಯಾನೇಜರ ಬಾಗಿಲಲ್ಲಿ ಅರ್ಧ ತಾಸು ನಿಂತಿದ್ದೆ. ಆಮೇಲೆ ಒಳಗೆ ಹೋದೆ. ಕಂಬ ಬಿರಿದದ್ದು ಸುಣ್ಣದಿಂದಲ್ಲ, ಅವಳ ಮಾತು ನಡೆಯದ್ದರಿಂದ ಎಂದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಮೇಸ್ತ್ರಿ' ಎಂದು ಬರೆಯದಿದ್ದರೆ ಯಾರೂ ಅವಳ ಮಾತು ಕೇಳುವುದಿಲ್ಲ, ಈ ಸಲವೂ ಕೆಟ್ಟರೆ ನಾನು ಕೆಲಸ ಬಿಡುತ್ತೇನೆ ಎಂದೆ. ಅವರು ನನ್ನನ್ನೇ ನೋಡಿದರು. ಪೆನ್ನು ತೆಗೆದು, ತಾವೇ ಬರೆದರು.

ಅವ್ವ ಆರಿಸಿಕೊಂಡದ್ದು ನಾಲ್ಕು ಹೆಣ್ಣಾಳುಗಳನ್ನು. ಎಲ್ಲರೂ ಅವಳ ಸೀಮೆಯವರೇ, ಎಲ್ಲರೂ ಅವಳ ದಿಲ್ಲಿಯ ಕಥೆಗೆ ಮೂಗು ಮುರಿದವರೇ. ಅವರಲ್ಲಿ ಕಿರಿಯಳು ಮಲ್ಲಮ್ಮ, ಮಾತೆತ್ತಿದರೆ ನಗುವವಳು. ಅವ್ವ ಮೊದಲ ದಿನ ಅವರ ಬಳೆ, ಉಂಗುರ ತೆಗೆಸಿದಳು. "ಗ್ವಾಡಿಗೆ ನಿಮ್ಮ ಚರ್ಮಾ ಅಷ್ಟ ಗೊತ್ತಾಗಬೇಕು" ಎಂದಳು. ಮಲ್ಲಮ್ಮ, "ಅವ್ವಾ, ಗ್ವಾಡಿ ಜೋಡಿ ಲಗ್ನಾ ಮಾಡತಿ ಏನ ನಮಗ?" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬಿರಿದ ಪದರವನ್ನು ಅವರೇ ಕೆರೆದರು. ಮತ್ತೆ ಇಟ್ಟಿಗೆಪುಡಿಯ ಗಚ್ಚು, ಮರದ ಹಲಗೆಯಿಂದ ಬಡಿತ. ಒದ್ದೆ ಗೋಣಿ. ಭಾನುವಾರ ಅವ್ವ ಕಂಬದ ಪಕ್ಕದಲ್ಲೇ ಕೂತು ಮೊಮ್ಮಗಳ ಕೂದಲು ಬಾಚಿದಳು, ರೊಟ್ಟಿ ತಿಂದಳು, ಗೋಣಿಗೆ ನೀರು ಹೊಡೆದಳು. ಆಮೇಲೆ ಅಮೃತಶಿಲೆಯ ಪುಡಿ ಸೇರಿಸಿದ ನಯ ಪದರ. ಕೊನೆಗೆ, ಮೊಸರಿನಲ್ಲಿ ತೊಳೆದು ಬಟ್ಟೆಯಲ್ಲಿ ಸೋಸಿದ ಸುಣ್ಣದ ಕೆನೆ. ಆ ಕೆನೆ ಹಚ್ಚಿದ ಮೇಲೆ ಕೈ ನಿಲ್ಲಿಸುವಂತಿಲ್ಲ. ಐವರೂ ಕಂಬದ ಸುತ್ತ ನಿಂತು, ಒದ್ದೆ ಇರುವಾಗಲೇ ಕಲ್ಲಿನಿಂದ ತಿಕ್ಕಲು ಶುರು ಮಾಡಿದರು. ಒಬ್ಬಳು ಬೀಸುಕಲ್ಲಿನ ಪದ ಎತ್ತಿದಳು, ಉಳಿದವರು ದನಿಗೂಡಿಸಿದರು. ತಿಕ್ಕುವ ಕೈ ಪದದ ಲಯಕ್ಕೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಂಕ್ರೀಟಿನ ಕಂಬದಲ್ಲಿ ಮಲ್ಲಮ್ಮನ ಮುಖ ಕಂಡಿತು. ಅವಳು ನಗುವುದನ್ನು ನಿಲ್ಲಿಸಿ ತನ್ನನ್ನೇ ನೋಡುತ್ತ ನಿಂತಳು.

ಮಾಲೀಕರು ಬಂದದ್ದು ಮರುವಾರ. ಮುಂದಿನ ಬೋಳು ಕಂಬಗಳನ್ನು ನೋಡಿ ಗೊಣಗುತ್ತ ಹಿಂದೆ ನಡೆದು ಬಂದವರು ತಟ್ಟನೆ ನಿಂತರು. ಹತ್ತಿರ ಹೋಗಿ ಅಂಗೈ ಇಟ್ಟರು. "ಈ ಪಾಲರಾಯಿ ಎಕ್ಕಡಿದಿ?" ಎಂದು ಕೇಳಿದರು. ಈ ಹಾಲುಗಲ್ಲು ಎಲ್ಲಿಂದ ತಂದಿರಿ ಎಂದು. ಮ್ಯಾನೇಜರು ನನ್ನನ್ನು ನೋಡಿದರು. ನಾನು ಅವ್ವನನ್ನು ನೋಡಿದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು, ತನ್ನ ದಖನಿ ಉರ್ದುವಿನಲ್ಲಿ, "ಪತ್ಥರ್ ನಹೀಂ ಸಾಬ್, ಚೂನಾ" ಎಂದಳು. ಕಲ್ಲಲ್ಲ, ಸುಣ್ಣ ಎಂದು.

ಒಂಬತ್ತು ಕಮಾನೂ ಬಿಳಿಯಾದವು. ಹೇಳಿದ ದಿನಕ್ಕೆ ಮುಗಿಯಲಿಲ್ಲ. ಹೊಸ ಸುಣ್ಣ ನೀರಿನಲ್ಲಿ ಮಾಗುವುದನ್ನು ಕಾದು ಎರಡು ತಿಂಗಳು ತಡವಾಯಿತು. ಮಾಲೀಕರು ಕೊಂಡವರಿಗೆ, ದಿಲ್ಲಿಯ ಅರಮನೆಯ ನಿಜವಾದ ಬಣ್ಣ ಇದೇ ಎಂದು ತಾವೇ ಕಂಡುಹಿಡಿದವರಂತೆ ವಿವರಿಸಿದರು. ಕ್ಲಬ್‌ಹೌಸಿನ ನೆಲದಲ್ಲಿ ಹರಿಸಬೇಕಿದ್ದ ನೀರಿನ ಕಾಲುವೆಗೂ ಅವ್ವನನ್ನೇ ಕೇಳಿದರು. ಪಂಪಿನವನು ದೊಡ್ಡ ಮೋಟಾರು ಬೇಕೆಂದಾಗ, ಅವಳು ಒಂದು ತಂಬಿಗೆ ನೀರು ಸುರಿದು, ಮೇಲೊಂದು ಹುಣಸೆ ಎಲೆ ಬಿಟ್ಟು, ಅದು ನಿಂತಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದಳು. ಅಷ್ಟು ಕಡೆ ನೆಲ ತಿದ್ದಿದ ಮೇಲೆ ಸಣ್ಣ ಮೋಟಾರೇ ಸಾಕಾಯಿತು.

ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಆ ಕಂಬ ನೋಡಲು ಬಂದವರಲ್ಲಿ ಹಳೇ ಕಟ್ಟಡ ಕಾಪಾಡುವ ಕೆಲಸದವರೊಬ್ಬರಿದ್ದರು. ಕೋಠಿಯ ಹಿಂದಿನ ಒಂದು ಹಳೇ ಹವೇಲಿಗೆ ಸುಣ್ಣದ ಕೆಲಸ ತಿಳಿದವರು ಸಿಗದೆ ವರ್ಷದಿಂದ ಕಾಯುತ್ತಿದ್ದರು. ಅವ್ವ ನಾಲ್ವರನ್ನೂ ಕರೆದುಕೊಂಡು ಅಲ್ಲಿಗೆ ಹೋದಳು. ಆರು ತಿಂಗಳಲ್ಲಿ ನಾನೂ ಗಚ್ಚಿಬೌಲಿಯ ನೌಕರಿ ಬಿಟ್ಟು ಅಲ್ಲಿಗೇ ಸೇರಿದೆ. ಅಪ್ಪನಿಗೆ ಹೇಳಿದಾಗ, "ಸಿಮೆಂಟಿನಿಂದ ಸುಣ್ಣಕ್ಕ ಇಳದಿ" ಎಂದರು. ಆದರೆ ಒಂದು ಭಾನುವಾರ ಯಾರಿಗೂ ಹೇಳದೆ ಹವೇಲಿಗೆ ಬಂದು, ಅವ್ವನ ಗೋಡೆಯನ್ನು ಮುಟ್ಟಿ ನೋಡಿ, ಅವಳ ಜೊತೆ ಕೂತು ಚಹಾ ಕುಡಿದು ಹೋದರು.

ಕೆಲವು ವರ್ಷಗಳ ನಂತರ ದಿಲ್ಲಿಯಲ್ಲಿ ಇಂಜಿನಿಯರುಗಳಿಗೆ ಸುಣ್ಣದ ಕೆಲಸ ಕಲಿಸುವ ಒಂದು ಶಿಬಿರ ನಡೆಯಿತು. ಮಾಡಿ ತೋರಿಸಲು ಅವ್ವನನ್ನು ಕರೆದರು. ರೈಲಿನಲ್ಲಿ ನಾನೂ ಜೊತೆಗಿದ್ದೆ. ಶಿಬಿರದಲ್ಲಿ ಅವಳು ಮೊದಲು ಮಾಡಿದ್ದು, ಅಷ್ಟೂ ಇಂಜಿನಿಯರುಗಳ ಗಡಿಯಾರ, ಉಂಗುರ ತೆಗೆಸಿ ಒಂದು ಬುಟ್ಟಿಯಲ್ಲಿ ಹಾಕಿಸಿದ್ದು.

ಶಿಬಿರ ಮುಗಿದ ಮರುದಿನ ಕೋಟೆಗೆ ಹೋದೆವು. ಸಾಲಿನಲ್ಲಿ ನಿಂತು ಟಿಕೀಟು ತೆಗೆದುಕೊಂಡೆವು. ಆ ಕೋಟೆಗೆ ಟಿಕೀಟು ಹಿಡಿದು, ಮುಂದಿನ ಬಾಗಿಲಿನಿಂದ ಅವಳು ಹೋಗುತ್ತಿದ್ದದ್ದು ಅದೇ ಮೊದಲು. ದಿವಾನ್-ಎ-ಆಮ್‌ನ ಕೆಂಪು ಕಂಬಗಳ ನಡುವೆ ಅವಸರದಲ್ಲಿ ನಡೆದಳು. ಹಿಂದಿನ ಮಹಲುಗಳ ಸಾಲಿಗೆ ಬಂದಾಗ ಹೆಜ್ಜೆ ನಿಧಾನವಾಯಿತು. ನಹರಿನಲ್ಲಿ ನೀರಿರಲಿಲ್ಲ. ನದಿಯೂ ದೂರ ಸರಿದಿತ್ತು. ರಂಗಮಹಲಿನ ಒಂದು ಪಕ್ಕದ ಗೋಡೆಯ ಹತ್ತಿರ ನಿಂತು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ನೋಡಿದಳು. ಚಪ್ಪಲಿ ಬಿಟ್ಟು ಹೋಗಿ ಅಂಗೈ ಇಟ್ಟಳು. ಆಮೇಲೆ ಕೆನ್ನೆ ಇಟ್ಟಳು.

ಕಾವಲುಗಾರ ಸೀಟಿ ಊದಿದ. "ಏ ಅಮ್ಮಾ, ಹಾಥ್ ಮತ್ ಲಗಾವ್!" ಕೈ ಹಚ್ಚಬೇಡ ಎಂದು.

ಅವ್ವ ಕೆನ್ನೆ ತೆಗೆಯದೆಯೇ ಹೇಳಿದಳು: "ಮೈಂಚ್ ಬನಾಯಿ ಸೋ ಹೈ ಬಾಬಾ ಯೇ." ನಾನೇ ಮಾಡಿದ್ದಪ್ಪ ಇದು.

ಕಾವಲುಗಾರ ಸಿಟ್ಟಿನಲ್ಲಿ ಬಂದವನು ಅವಳ ಮುಖ ನೋಡಿ ನಿಂತ. ನಾನು ನಾಲ್ಕು ಮಾತಿನಲ್ಲಿ ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡು, ಆ ಕಡೆ ಬರುತ್ತಿದ್ದ ಪ್ರವಾಸಿಗರನ್ನು ತಡೆದು, ಐದು ನಿಮಿಷ ಬೇರೆ ದಾರಿಯಿಂದ ಕಳಿಸಿದ. ಅವಳು ಅಷ್ಟು ಹೊತ್ತೂ ಗೋಡೆಗೆ ಕಿವಿ ಹಚ್ಚಿ ಗೆಣ್ಣಿನಿಂದ ಬಡಿದು ಬಡಿದು ಕೇಳಿದಳು. "ಗಟ್ಟಿ ಐತಿ" ಎಂದಳು. ಹೊರಗೆ ಬಂದ ಮೇಲೆ ಒಂದು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅತ್ತಳು. ಗಂಡನ ನೆನಪೋ, ಉಸ್ತಾದನ ನೆನಪೋ, ನಾನು ಕೇಳಲಿಲ್ಲ. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, "ದಿಲ್ಲ್ಯಾಗ ಚಹಾ ಈಗ ಭಾಳ ಕೆಟ್ಟೈತಿ ಯವ್ವಾ" ಎಂದಳು.

ತನ್ನ ನಿವೃತ್ತಿಯನ್ನು ಅವಳೇ ನಿರ್ಧರಿಸಿದಳು. ಒಂದು ಬೆಳಿಗ್ಗೆ ಹವೇಲಿಯಲ್ಲಿ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿ, ಬೆರಳುಗಳಿಗೆ ಗೋಡೆ ತಿಳಿಯುತ್ತಿಲ್ಲ ಎಂದಳು. ಉಸ್ತಾದ ಕೊಟ್ಟ ಕಲ್ಲನ್ನು ಮಲ್ಲಮ್ಮನ ಕೈಗೆ ಹಾಕಿದಳು. ಆ ವಾರವೇ ಮಗನ ಜೊತೆ ಊರಿಗೆ ಹೋದಳು.

ಹೋದ ಮಾಘದಲ್ಲಿ ಅವಳು ತೀರಿಕೊಂಡಳು. ಮೊಮ್ಮಗಳು ಫೋನು ಮಾಡಿದಾಗ ನಾನು ಹೊಸದಾಗಿ ಹಿಡಿದ ಕಟ್ಟಡದಲ್ಲಿದ್ದೆ. ಹಳೇ ಕಾಲದ ಒಂದು ಶಾಲೆಯ ಉದ್ದನೆಯ ಪಡಸಾಲೆ ಅದು. ಮುಂಜಾನೆಯೇ ಮಣ್ಣು ಮಾಡಿದೆವು, ಮೂರನೇ ದಿನಕ್ಕೆ ಬನ್ನಿ ಎಂದಳು ಆ ಹುಡುಗಿ. ಫೋನು ಇಟ್ಟು ಒಳಗೆ ಹೋದೆ. ಮಲ್ಲಮ್ಮ ಈಗ ಮೇಸ್ತ್ರಿ, ಅವಳ ಕೈಕೆಳಗೆ ಹನ್ನೊಂದು ಹೆಂಗಸರು. ಅವತ್ತು ಪಡಸಾಲೆಯ ಗೋಡೆಗೆ ಕೊನೆಯ ಕೆನೆ ಆಗಷ್ಟೇ ಹಚ್ಚಿದ್ದರು. ನನ್ನ ಮುಖ ನೋಡಿಯೇ ಮಲ್ಲಮ್ಮನಿಗೆ ತಿಳಿಯಿತು. ಒಬ್ಬಳು ಹೋ ಎಂದು ಅಳಲು ಶುರು ಮಾಡಿ ಕೆಳಗೆ ಕುಸಿದಳು. ಉಳಿದವರ ಕೈಗಳು ನಿಂತವು.

ಮಲ್ಲಮ್ಮನ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಅವಳ ಕೈ ಮಾತ್ರ ಗೋಡೆಯ ಮೇಲೆ ಸುತ್ತುತ್ತಲೇ ಇತ್ತು.

"ಕೈ ನಿಲ್ಲಸಬ್ಯಾಡ್ರೆ!" ಎಂದು ಕೂಗಿದಳು. "ಅಳ್ರಿ, ಆದ್ರ ಕೈ ನಿಲ್ಲಸಬ್ಯಾಡ್ರಿ. ಒಣಗಿದ್ರ ಹೋತು." ಕುಸಿದವಳ ಬದಲಿಗೆ ನನ್ನ ಕಡೆ ಒಂದು ಕಲ್ಲು ಚಾಚಿದಳು. "ಅಕ್ಕೋರ, ಒಂದ ಕೈ ಕಮ್ಮಿ ಐತಿ. ಬರ್ರಿ."

ಉಂಗುರ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡೆ. ಉಳಿದ ಹನ್ನೊಂದು ಹೆಂಗಸರ ನಡುವೆ ಜಾಗ ಮಾಡಿಕೊಂಡು ನಿಂತೆ. ತಣ್ಣಗಿದ್ದ ಗೋಡೆ ತಿಕ್ಕಿದಂತೆ ಕಾವೇರಿತು, ಮೊದಲು ಮಂಕಾಗಿದ್ದದ್ದು ಗಟ್ಟಿಯಾಗಿ ನಯವಾಗುತ್ತ ಬಂತು. ಮಧ್ಯಾಹ್ನ ಎರಡು ಗಂಟೆಯವರೆಗೆ ಯಾರೂ ಕೈ ತೆಗೆಯಲಿಲ್ಲ. ಆಮೇಲೆ ಎಲ್ಲರೂ ಕೈಕಾಲು ತೊಳೆದುಕೊಂಡು, ಯಾದಗಿರಿಯ ಬಸ್ಸು ಹಿಡಿಯಲು ಒಟ್ಟಿಗೆ ಹೊರಟೆವು.